ಇಪ್ಪತ್ತು ಸಾವಿರ ವೋಲ್ಟ್, ಒಂದು ಲಗ್ನಪತ್ರಿಕೆ

ಹಳೇ ಕಾರು ಇಟ್ಟವರನ್ನು ಬೆಳಗಾವಿಯಲ್ಲಿ ಯಾರೂ ‘ಆರಾಮ ಇದ್ದೀರೇನ್ರಿ’ ಅಂತ ಕೇಳುವುದಿಲ್ಲ. ‘ಎಷ್ಟ ಕೊಡತೈತ್ರಿ?’ ಅಂತ ಕೇಳುತ್ತಾರೆ. ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಬಿದ್ದರೆ ಸಾಕು, ಪಕ್ಕದ ಬೈಕಿನವರು ಕಿಟಕಿಯೊಳಗೆ ಬಗ್ಗಿ ಮೈಲೇಜು ವಿಚಾರಿಸುತ್ತಾರೆ.

ನಮ್ಮದು ಪ್ರೀಮಿಯರ್ ಪದ್ಮಿನಿ. ಜನರ ಬಾಯಲ್ಲಿ ಈಗಲೂ ಫಿಯಾಟ್. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಮಾವನವರು ಕೊಟ್ಟದ್ದು. ಕೊಡುವಾಗ ‘ಹದಿನಾಲ್ಕು ಕೊಡತೈತಿ’ ಅಂದಿದ್ದರು. ಒಂದೆರಡು ದೀಪಾವಳಿ ಕಳೆಯುವಷ್ಟರಲ್ಲಿ ಅದು ಹದಿನಾರಾಯಿತು. ಈಗ ನೆಂಟರ ಎದುರು ಹದಿನೆಂಟು. ಕಾರಿಗೆ ವಯಸ್ಸಾದಷ್ಟೂ ಅದರ ಹಿಂದಿನ ಮೈಲೇಜು ಏರುತ್ತಲೇ ಹೋಗುತ್ತದೆ, ಅದೊಂದು ಚೋದ್ಯ. ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ ನಾನು ಲೆಕ್ಕ ಹಾಕಿದರೆ ಬಂದದ್ದು ಒಂಬತ್ತು.

“ಮಾಮಾ, ನಿಮ್ಮ ಗಾಡ್ಯಾಗ ಸ್ಪಾರ್ಕ್ ದಮ್ಮಿಲ್ಲ” ಅಂದ ಹೆಂಡತಿಯ ತಮ್ಮ. ಮೊಬೈಲಿನಲ್ಲಿ ವಿಡಿಯೋ ನೋಡಿ ಮೆಕ್ಯಾನಿಕ್ ಆದವನು. ನಾಲ್ಕೇ ದಿನದಲ್ಲಿ ಮನೆಗೆ ಪಾರ್ಸೆಲ್ ಬಂದವು. ಇರಿಡಿಯಂ ಪ್ಲಗ್ಗು, ಹೈ ಪವರ್ ಕಾಯಿಲ್ಲು, ಪ್ಲಗ್ಗಿಗೆ ಕರೆಂಟು ಒಯ್ಯುವ ಸಿಲಿಕೋನ್ ಎಚ್‌ಟಿ ವೈರು, ಕಿಡಿಗಾಗಿ ಕಾಯಿಲ್ಲಿನ ಕರೆಂಟು ಕೂಡಿಸಿ ಕಡಿಯುವ ಪಾಯಿಂಟ್ ತೆಗೆದು ಅದರ ಜಾಗಕ್ಕೆ ಹಾಕುವ ಎಲೆಕ್ಟ್ರಾನಿಕ್ ಮಾಡ್ಯೂಲು. ಒಟ್ಟು 9,600 ರೂಪಾಯಿ. ಮೈಲೇಜು ಮೂವತ್ತು ಪರ್ಸೆಂಟ್ ಜಾಸ್ತಿ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿತ್ತು. ಡಬ್ಬಿಯ ಮೇಲೆ ಬರೆದದ್ದೆಲ್ಲ ನಿಜವಾಗಿದ್ದರೆ ಇಷ್ಟೊತ್ತಿಗೆ ನನ್ನ ತಲೆ ತುಂಬ ಕೂದಲು ಇರಬೇಕಿತ್ತು.

ಉದ್ಯಮಬಾಗದ ಮಿಸ್ತ್ರಿ ಆ ಡಬ್ಬಿಗಳನ್ನು ನೋಡಿದ, ಮಾತಾಡಲಿಲ್ಲ. ಹೊತ್ತು ಮುಳುಗಿತ್ತು, ಹೊರಗೆ ಜಿಟಿಜಿಟಿ ಮಳೆ. ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿಸಿ, “ಲೈಟ್ ಬಂದ್ ಮಾಡೋ” ಅಂತ ಹುಡುಗನಿಗೆ ಹೇಳಿದ. ಕತ್ತಲಾಯಿತು. ಆಗ ಕಂಡಿತು ನೋಡಿ. ಪ್ಲಗ್ಗಿಗೆ ಹೋಗುವ ವೈರುಗಳ ಮೈಯಿಂದ ಸಣ್ಣ ನೀಲಿ ಎಳೆಗಳು ಚಿಟಿಚಿಟಿ ಅಂತ ಇಂಜಿನ್ನಿನ ಕಬ್ಬಿಣಕ್ಕೆ ಹಾರುತ್ತಿದ್ದವು. ಮೂರನೇ ಸಿಲಿಂಡರಿನ ವೈರಂತೂ ಎರಡು ಕಡೆ ಬಿರುಕು ಬಿಟ್ಟು ಎರಡೂ ಕಡೆಯಿಂದ ಹೊಳೆಯುತ್ತಿತ್ತು.

“ನೋಡ್ರಿ ಸರ, ನಿಮ್ಮ ಪೆಟ್ರೋಲ್ ರೊಕ್ಕ ಹಿಂಗ ಹೊಂಟೈತಿ” ಅಂದ ಮಿಸ್ತ್ರಿ.

ಬ್ಯಾಟರಿಯ ಹನ್ನೆರಡು ವೋಲ್ಟನ್ನು ಕಾಯಿಲ್ಲು ಇಪ್ಪತ್ತು ಸಾವಿರದ ಆಸುಪಾಸಿಗೆ ಏರಿಸುತ್ತದೆ. ಅಷ್ಟು ಜೋರಿನ ಕರೆಂಟು, ವೈರಿನ ರಬ್ಬರ್ ಸೀಳಿ ಮೇಲೆ ತೇವ ಕೂತರೆ, ಪ್ಲಗ್ಗಿನ ತನಕ ಹೋಗುವ ಕಷ್ಟ ಯಾಕೆ ತಗೊಳ್ಳುತ್ತದೆ? ನಡುವೆಯೇ ಇಳಿದುಬಿಡುತ್ತದೆ. ಆ ಸಿಲಿಂಡರಿಗೆ ಬಂದ ಪೆಟ್ರೋಲು ಉರಿಯದೆ ಸೈಲೆನ್ಸರಿನಿಂದ ಹೊರಗೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟಿನ ಒಂದು ಬದಿ ಗುಳಿ, ಇನ್ನೊಂದು ಬದಿ ಗುಳ್ಳೆ. ಮಿಸ್ತ್ರಿ ಹೊಸ ವೈರು ಹಾಕಿದ, ಪಾಯಿಂಟು ಸುಡದಂತೆ ಕಾಯುವ ಕಂಡೆನ್ಸರ್ ಬದಲಿಸಿದ, ಪಾಯಿಂಟಿಗೆ ಪಾಲಿಶ್ ಪೇಪರ್ ತಿಕ್ಕಿ ಕಿಡಿ ಹಾರುವ ಟೈಮಿಂಗ್ ಕೂಡಿಸಿದ. ಮೈಲೇಜು ಹನ್ನೊಂದಾಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು, ಅಲ್ವಾ? ಹೆಂಡತಿಯ ತಮ್ಮ ಬಿಡಬೇಕಲ್ಲ. ಉಳಿದ ಡಬ್ಬಿಗಳೂ ಒಡೆದವು. ಮಾಡ್ಯೂಲು ಕೂತಿತು, ಕಾಯಿಲ್ಲು ಕೂತಿತು, ಇರಿಡಿಯಂ ಪ್ಲಗ್ಗೂ ಕೂತವು. ಮತ್ತೆ ಟ್ಯಾಂಕ್ ಫುಲ್, ಮತ್ತೆ ಲೆಕ್ಕ. ಹನ್ನೊಂದು.

“ಒಲಿ ಹಚ್ಚಾಕ ಒಂದ ಕಡ್ಡಿ ಸಾಕ್ರಿ. ಪಂಜು ಹಿಡದ್ರ ಅನ್ನ ಲಗೂ ಆಗತೈತೇನು?” ಅಂದ ಮಿಸ್ತ್ರಿ. ಮಾತು ಸರಿ. ಕಿಡಿ ಹತ್ತದೇ ಹಾಳಾಗುತ್ತಿದ್ದ ಪೆಟ್ರೋಲು ವೈರು ಬದಲಿಸಿದಾಗಲೇ ಉಳಿದಿತ್ತು. ಚೆನ್ನಾಗಿ ಹತ್ತುತ್ತಿರುವುದಕ್ಕೆ ಇನ್ನೂ ದೊಡ್ಡ ಕಿಡಿ ಕೊಟ್ಟರೆ ಪೆಟ್ರೋಲಿನೊಳಗೆ ಹೊಸ ಶಕ್ತಿ ಹುಟ್ಟುವುದಿಲ್ಲ. ಇರಿಡಿಯಂ ಕರಗಬೇಕಾದರೆ 2,400 ಡಿಗ್ರಿ ದಾಟಬೇಕು. ಹಾಗಾಗಿ ಪ್ಲಗ್ಗಿನ ತುದಿ ಸೂಜಿಯಷ್ಟು ಸಣ್ಣದಿದ್ದರೂ ಸವೆಯುವುದು ಕಡಿಮೆ. ಬಾಳಿಕೆ ಬರುವುದು ಪ್ಲಗ್ಗು, ಪೆಟ್ರೋಲಲ್ಲ.

ಹೆಂಡತಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಳು. ತಿಂಗಳಿಗೆ 200 ಕಿಲೋಮೀಟರ್ ಓಡಾಟ. ಒಂಬತ್ತರಿಂದ ಹನ್ನೊಂದಕ್ಕೆ ಏರಿದರೆ ಉಳಿಯುವುದು ನಾಲ್ಕು ಲೀಟರ್, ನಾನೂರು ರೂಪಾಯಿ ಚಿಲ್ಲರೆ. “ಬರೇ ವೈರ್ ಹಾಕ್ಸಿದ್ರ ಮೂರ ತಿಂಗಳಾಗ ರೊಕ್ಕ ವಾಪಸ್. ಈಗ ಎರಡ ವರ್ಷ” ಅಂದಳು. ತಮ್ಮ ಊಟ ಮುಗಿಸಿ ಬೇಗ ಎದ್ದ.

ಆ ಎರಡು ವರ್ಷ ಶುರುವಾಗುವ ಮೊದಲೇ ಸಂಕೇಶ್ವರದಲ್ಲೊಂದು ಮದುವೆ ಬಂತು. ಮಾವನವರೂ ಜೊತೆಗಿದ್ದರು. ವಂಟಮೂರಿ ಘಾಟಿನಲ್ಲಿ ಇಂಜಿನ್ ಸುಮ್ನೆ ನಿಂತಿತು. ಕೆಮ್ಮಿಲ್ಲ, ಸೂಚನೆಯಿಲ್ಲ. ಪಾಯಿಂಟು ಹಾಗಲ್ಲ, ಕೆಡುವ ಮೊದಲು ತಿಂಗಳುಗಟ್ಟಲೆ ನರಳುತ್ತದೆ. ಮಾಡ್ಯೂಲು ಹೋದರೆ ಹೋಯಿತು. ಪುಣ್ಯಕ್ಕೆ ಮಿಸ್ತ್ರಿ ಹಳೇ ಪಾಯಿಂಟು, ಕಂಡೆನ್ಸರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದ.

ಒಬ್ಬ ಲಾರಿ ಡ್ರೈವರ್ ತಾನಾಗಿಯೇ ಇಳಿದು ಬಂದ. ಮಾಡ್ಯೂಲ್ ಬಿಚ್ಚಿ ಪಾಯಿಂಟ್ ಕೂರಿಸಿದ. ಗ್ಯಾಪ್ ನೋಡಲು ಫೀಲರ್ ಗೇಜ್ ಯಾರ ಹತ್ತಿರವೂ ಇಲ್ಲ.

“ಲಗ್ನಪತ್ರಿಕಿ ಐತೇನ್ರಿ?”

ಕೊಟ್ಟೆ. ಮೂಲೆ ಹರಿದು ಪಾಯಿಂಟಿನ ನಡುವೆ ತೂರಿಸಿ, ಸ್ಕ್ರೂ ಬಿಗಿದು, ಎಳೆದು ನೋಡಿದ. ಪತ್ರಿಕೆಯ ದಪ್ಪ ಸರಿಯಾಗಿ ಹೊಂದಿತು. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಇಂಜಿನ್ ಚಾಲೂ. “ಫಸ್ಟ್ ಕ್ಲಾಸ್! ನಾ ಹೇಳಿರಲಿಲ್ಲೇನು, ಇದು ಹದಿನೆಂಟು ಕೊಡು ಗಾಡಿ” ಅಂದರು ಮಾವನವರು.

ಹರಿದ ಮೂಲೆಯಲ್ಲಿ ಮಂಗಲ ಕಾರ್ಯಾಲಯದ ಹೆಸರಿತ್ತು. ಅದು ಗ್ರೀಸಿನಲ್ಲಿ ಅದ್ದಿ ರಸ್ತೆ ಬದಿಗೆ ಬಿದ್ದಿತ್ತು. ಸಂಕೇಶ್ವರದಲ್ಲಿ ಬ್ಯಾಂಡು ಕೇಳಿದ ಕಡೆ ಮಾವನವರು ಕಾರು ನಿಲ್ಲಿಸಿದರು, “ಇದ ಐತಿ, ನನಗ ಗೊತ್ತೈತಿ” ಅಂದರು. ಅಕ್ಕಿಕಾಳು ಹಾಕಿ, ಸಾಲಿನಲ್ಲಿ ನಿಂತು, 501 ರೂಪಾಯಿ ಆಹೇರ ಕೊಟ್ಟು ಫೋಟೋಕ್ಕೆ ನಗುವಾಗ ಮದುಮಗ ಮೆಲ್ಲಗೆ ಕೇಳಿದ, “ತಾವು ಹುಡುಗಿ ಕಡ್ಯಾವ್ರೇನ್ರಿ?” ಹುಡುಗಿಯೂ ನಮ್ಮನ್ನೇ ನೋಡುತ್ತಿದ್ದಳು.

“ಆ ತಿಂಗಳ ಉಳಿತಾಯ ಹೋತು, ಮ್ಯಾಲ ನೂರು” ಅಂದಳು ಹೆಂಡತಿ, ಸ್ಟೇಜ್ ಇಳಿಯುತ್ತ.