ಬೌಲಿಂಗ್ ಯಂತ್ರದ ಮಿತಿ

ಕ್ರಿಕೆಟ್‌ನಲ್ಲಿ ಚೆಂಡೆಸೆಯುವ ಬೌಲಿಂಗ್ ಯಂತ್ರವೊಂದಿದ್ದರೆ ವೇಗದ ಬೌಲಿಂಗ್ ಎದುರಿಸಲು ಬೇರೆ ಅಭ್ಯಾಸವೇ ಬೇಕಿಲ್ಲ ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಒಪ್ಪಲಾರೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟರ್‌ನನ್ನು ತಲುಪಲು ಸುಮಾರು ಅರ್ಧ ಸೆಕೆಂಡು ಸಾಕಾಗುವುದರಿಂದ, ಚೆಂಡು ಕೈಬಿಡುವ ಮೊದಲೇ ಬೌಲರ್‌ನ ಓಟ, ಭುಜದ ತಿರುವು, ಮಣಿಕಟ್ಟಿನ ಕೋನಗಳಿಂದ ಸುಳಿವು ಹಿಡಿಯಬೇಕಾಗುತ್ತದೆ. ಯಂತ್ರದ ತಿರುಗುವ ಎರಡು ಚಕ್ರಗಳ ನಡುವಿನಿಂದ ಚಿಮ್ಮುವ ಚೆಂಡಿನಲ್ಲಿ ಆ ಸುಳಿವೇ ಇಲ್ಲ. ಇಡೀ ಒಂದು ಋತು ಯಂತ್ರದ ಎದುರೇ ಆಡಿದ ನನಗೆ, ಚೆಂಡು ತುಂಬುವವರು ಕೈ ಎತ್ತಿದೊಡನೆ ಮುಂಗಾಲು ತಾನಾಗಿ ಮುಂದೆ ಹೋಗುವ ರೂಢಿ ಅಂಟಿಕೊಂಡು, ಪಂದ್ಯಗಳಲ್ಲಿ ಶಾರ್ಟ್ ಪಿಚ್ ಎಸೆತಗಳಿಗೆ (ಬ್ಯಾಟರ್‌ನಿಂದ ದೂರದಲ್ಲೇ ಬಿದ್ದು ಎತ್ತರಕ್ಕೆ ಪುಟಿಯುವ ಚೆಂಡುಗಳಿಗೆ) ಹಿಂದೆ ಸರಿಯುವುದು ಪ್ರತಿ ಸಲವೂ ತಡವಾಗುತ್ತಿತ್ತು. ಆ ರೂಢಿಯನ್ನು ಬಿಡಿಸಿದ್ದು ಸೈಡ್‌ಆರ್ಮ್. ಉದ್ದ ಹಿಡಿಯ ತುದಿಯ ಬಟ್ಟಲಿನಲ್ಲಿ ಚೆಂಡನ್ನಿಟ್ಟು ಎಸೆಯುವ ಆ ಸರಳ ಸಾಧನದಲ್ಲಿ ಎಸೆಯುವವರ ತೋಳು ಕಣ್ಣಿಗೆ ಕಾಣುತ್ತದೆ, ಚೆಂಡು ಬೀಳುವ ಜಾಗವೂ ಎಸೆತದಿಂದ ಎಸೆತಕ್ಕೆ ಬದಲಾಗುತ್ತದೆ. ಆಸ್ಟ್ರೇಲಿಯಾದ ಮಹಾನ್ ಬ್ಯಾಟರ್ ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡನ್ನೆಸೆದು, ಅದು ಪುಟಿದು ಬಂದಾಗ ಸ್ಟಂಪಿನಿಂದ ಹೊಡೆಯುತ್ತಿದ್ದುದು ಫಲಕೊಟ್ಟದ್ದೂ ಆ ಪುಟಿತ ಊಹೆಗೆ ಸಿಗದ ಕಾರಣಕ್ಕೇ ಎಂಬುದು ನನ್ನ ನಂಬಿಕೆ. ಕವರ್ ಡ್ರೈವ್‌ನಂಥ ಒಂದೇ ಹೊಡೆತವನ್ನು ನೂರಾರು ಬಾರಿ ತಿದ್ದಿಕೊಳ್ಳುವುದಕ್ಕೆ ಯಂತ್ರವೇ ಉತ್ತಮವೆಂಬುದನ್ನು ಮಾತ್ರ ಒಪ್ಪುತ್ತೇನೆ.