ಸೆಕೆಗೆ ಹೆದರುವ ದೈತ್ಯರು

ದೈತ್ಯ ರೋಬೋಗಳ ಸೈನ್ಯ ಕಟ್ಟುವುದರಲ್ಲಿ ಸೋಮಾರಿಗಳಿಗೆ ಒಂದು ದೊಡ್ಡ ಅನುಕೂಲ ಉಂಟು. ನಾಲ್ಕೇ ನಾಲ್ಕು ಸಾಕು. ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಆಡುವ ಬೇರೆ ಯುದ್ಧದಾಟಗಳಲ್ಲಿ ಸಿಪಾಯಿಗಳ ದಂಡೇ ಬೇಕು. ಪ್ರತಿಯೊಬ್ಬನ ಬೆಲ್ಟು, ಬೂಟು, ಗುಂಡಿಗೂ ಬಣ್ಣ ಬಳಿಯಬೇಕು. ಬ್ಯಾಟಲ್‌ಟೆಕ್ ಎಂಬ ಈ ದೈತ್ಯರ ಆಟದಲ್ಲಿ ಆ ರಗಳೆ ಇಲ್ಲ. ನಾಲ್ಕು ಯಂತ್ರ ಸೇರಿದರೆ ಲ್ಯಾನ್ಸ್ ಎಂಬ ಒಂದು ತುಕಡಿ. ಅಷ್ಟಾದರೆ ಉಡುಪಿಯಲ್ಲಿ ಕೂತೇ ಸೇನಾಪತಿಯಾಗಬಹುದು.

ಆಟವೇನೂ ಹೊಸತಲ್ಲ. 1984ರಲ್ಲಿ ಶಿಕಾಗೋದ ಫಾಸಾ ಕಂಪನಿ ಇದನ್ನು ಬ್ಯಾಟಲ್‌ಡ್ರಾಯ್ಡ್ಸ್ ಎಂದು ಹೊರತಂದಿತು. ‘ಡ್ರಾಯ್ಡ್’ ಎಂಬ ಪದ ತಮ್ಮದೆಂದು ‘ಸ್ಟಾರ್ ವಾರ್ಸ್’ ಸಿನಿಮಾದ ಜಾರ್ಜ್ ಲ್ಯೂಕಸ್ ಕಡೆಯವರು ತಕರಾರು ತೆಗೆದ ಮೇಲೆ ಈಗಿನ ಹೆಸರು ಬಂತು. 20 ಟನ್ನಿನಿಂದ 100 ಟನ್ನಿನವರೆಗೆ ತೂಗುವ ಯಂತ್ರಗಳು, ಒಳಗೆ ಕೂತು ನಡೆಸಲಿಕ್ಕೆ ಒಬ್ಬ ಮನುಷ್ಯ. ಹಾಗೆ ನೋಡಿದರೆ ಇವು ರೋಬೋಗಳೇ ಅಲ್ಲ. ಆದರೆ ಅದನ್ನು ಅತ್ತೆಗೆ ವಿವರಿಸುವಷ್ಟು ತಾಳ್ಮೆ ನನಗಿಲ್ಲ. ಷಟ್ಕೋನಗಳ ನಕ್ಷೆಯಲ್ಲಿ ಒಂದೊಂದು ಮನೆ 30 ಮೀಟರು, ಒಂದು ಸುತ್ತು 10 ಸೆಕೆಂಡು. ಆ 10 ಸೆಕೆಂಡು ಆಡಿ ಮುಗಿಸುವಷ್ಟರಲ್ಲಿ ಎರಡು ಸಲ ಚಾ ಆಗುತ್ತದೆ. ಆಟಿ ತಿಂಗಳಲ್ಲಿ ಗುಳಿಗೆ ಕಾಯಿ ಹಾಕುವ ಚೆನ್ನೆಮಣೆ ಆಡಿ ಬೆಳೆದ ಅತ್ತೆ ನಕ್ಷೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟೊಂದು ಗುಳಿಯಾ? ಕಾಯಿ ಎಲ್ಲಿ ಉಂಟು?”

ಹೊಸಬರೆಲ್ಲ ಮೊದಲು ಕೈಹಾಕುವುದು ಅಟ್ಲಾಸ್‌ಗೆ. 100 ಟನ್ನು, ತಲೆಬುರುಡೆಯಂಥ ಮುಖ, ಯಾರಿಗೂ ಆಸೆಯಾಗಬೇಕಾದ್ದೇ. ಆದರೆ ಎರಡೂ ಪಕ್ಷ ಸಮನಾಗಿರಲಿ ಎಂದು ಪ್ರತಿ ಯಂತ್ರಕ್ಕೂ ಬ್ಯಾಟಲ್ ವ್ಯಾಲ್ಯೂ ಎಂಬ ಅಂಕ ಉಂಟು. ಅಟ್ಲಾಸ್‌ನ ಹಳೇ ಮಾದರಿಗೆ 1,897. ಅತ್ತ 20 ಟನ್ನಿನ ಲೋಕಸ್ಟ್‌ಗೆ ಬರೇ 432. ಒಂದು ಅಟ್ಲಾಸ್ ಬಿಟ್ಟರೆ ನಾಲ್ಕು ಲೋಕಸ್ಟ್ ಬರುತ್ತವೆ, ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಅಟ್ಲಾಸ್ ಓಡಿದರೂ ಐದು ಮನೆ. ಲೋಕಸ್ಟ್ ಹನ್ನೆರಡು ಮನೆ ಹಾರಿಹೋಗುತ್ತದೆ. ನಾನು ಎರಡನ್ನೂ ತೆಗೆದುಕೊಂಡೆ, ಮಧ್ಯಕ್ಕೆ 80 ಟನ್ನಿನ ಆಸಮ್ ಮತ್ತು 60 ಟನ್ನಿನ ರೈಫಲ್‌ಮ್ಯಾನ್. ಅಲ್ಲಿಗೆ ಸೈನ್ಯ ಭರ್ತಿ.

ಇವರೆಲ್ಲರ ನಿಜವಾದ ಶತ್ರು ಎದುರು ಪಕ್ಷದವನಲ್ಲ, ಸೆಕೆ. ಕರಾವಳಿಯವರಿಗೆ ಈ ಆಟ ಸಲೀಸಾಗಿ ಹಿಡಿಸಲಿಕ್ಕೆ ಇದೇ ಕಾರಣ ಎಂದು ನನ್ನ ಗುಮಾನಿ. ನಡೆದರೆ 1 ಅಂಕ ಶಾಖ, ಓಡಿದರೆ 2. ಲೇಸರ್ ಹೊಡೆದರೆ ಇನ್ನಷ್ಟು. ಹೀಟ್‌ಸಿಂಕ್‌ಗಳು ಪ್ರತಿ ಸುತ್ತಿಗೆ ತಮ್ಮ ಶಕ್ತಿಯಷ್ಟನ್ನು ಹೊರಗೆ ಹಾಕುತ್ತವೆ, ಮಿಕ್ಕಿದ್ದು ಒಳಗೇ ಉಳಿಯುತ್ತದೆ. 5 ಆದರೆ ಕಾಲು ನಿಧಾನ. 8 ಆದರೆ ಗುರಿ ತಪ್ಪಲಿಕ್ಕೆ ಶುರು. 14ಕ್ಕೆ ದಾಳ ಹಾಕಿ ನೋಡಬೇಕು, ಯಂತ್ರ ಅಲ್ಲೇ ಆಫ್ ಆದರೂ ಆಯಿತು. 30ಕ್ಕೆ ದಾಳವೂ ಇಲ್ಲ, ಮಾತೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ನಡೆದವರಿಗೆ ಈ ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ನನ್ನ ಎದುರಾಳಿ ಹೆಂಡತಿಯ ಅಣ್ಣ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಆಸಮ್ ಅಂದರೆ ಜೀವ. ಅದಕ್ಕೆ ಪಿಪಿಸಿ ಎಂಬ ಫಿರಂಗಿ ಮೂರು, ಒಂದೊಂದಕ್ಕೆ 10ರಂತೆ ಶಾಖ, ಹೀಟ್‌ಸಿಂಕ್ 28. ಭಾವ ಪೆನ್ಸಿಲ್ ನೆಕ್ಕಿ ಜಮಾ-ಖರ್ಚು ಬರೆಯುತ್ತಾರೆ. ನಡೆಯುತ್ತಾ ಮೂರೂ ಹೊಡೆದರೆ 31, ಕಳೆದು ಉಳಿಕೆ 3. ಇನ್ನೊಮ್ಮೆ ಹಾಗೇ ಮಾಡಿದರೆ 6. ಮೂರನೇ ಸುತ್ತಿಗೆ ಎರಡೇ ಹೊಡೆದರೆ ಬಾಕಿ ಸೊನ್ನೆ. “ಸಾಲ ತೆಗೀಲಿಕ್ಕೆ ಅಡ್ಡಿ ಇಲ್ಲ ಮಾರಾಯ, ತೀರಿಸುವ ದಾರಿ ಗೊತ್ತಿರ್ಬೇಕು” ಎನ್ನುತ್ತಾರೆ.

ನನ್ನ ರೈಫಲ್‌ಮ್ಯಾನ್‌ಗೆ ಈ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಎರಡು ದೊಡ್ಡ ಲೇಸರ್, ಎರಡು ಮಧ್ಯಮ, ಎರಡು ತೋಪು. ಎಲ್ಲವನ್ನೂ ಒಟ್ಟಿಗೆ ಹೊಡೆದರೆ 24 ಅಂಕ ಶಾಖ, ಹೊರಹಾಕುವುದು ಕೇವಲ 10. ನಿಂತಲ್ಲೇ ನಿಂತರೂ ಒಂದೇ ಸುತ್ತಿಗೆ 14. ಇದನ್ನು ವಿನ್ಯಾಸ ಮಾಡಿದವರು ಮಂಗಳೂರಿನಲ್ಲಿ ಒಂದು ಬೇಸಿಗೆ ಕಳೆದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಆದರೂ ನನಗೆ ಅದರ ಮೇಲೆಯೇ ಪ್ರೀತಿ. ಕೈಗಳ ಜಾಗದಲ್ಲಿ ಜೋಡಿ ನಳಿಗೆ ಚಾಚಿ ನಿಲ್ಲುವ ಆ ಠೀವಿ ನೋಡಿ, ಅದಕ್ಕೆ ಪಿಲಿವೇಷದ, ಅಂದರೆ ಹುಲಿವೇಷದ ಬಣ್ಣ ಹಾಕುವುದೆಂದು ತೀರ್ಮಾನಿಸಿದೆ.

ಮಳೆಗಾಲದಲ್ಲಿ ನಮ್ಮಲ್ಲಿ ಸ್ಪ್ರೇ ಪ್ರೈಮರ್ ನಂಬಬಾರದು. ಗಾಳಿಯ ತೇವಕ್ಕೆ ಅದು ಬೂದಿ ಎರಚಿದಂತೆ ಒರಟಾಗಿ ಕೂರುತ್ತದೆ. ಕುಂಚದಲ್ಲೇ ಬಿಳಿ ಪ್ರೈಮರ್ ತೆಳುವಾಗಿ ಹಚ್ಚಿ, ಮರುದಿನ ಹಳದಿ. ಹಳದಿ ಬಹಳ ಬಡ ಬಣ್ಣ; ಕಪ್ಪಿನ ಮೇಲೆ ಹಚ್ಚಿದರೆ ಪಾಚಿಯಂತೆ ಕಾಣುತ್ತದೆ, ಬಿಳಿಯ ಮೇಲೂ ಎರಡು ಮೂರು ಪದರ ಬೇಕು. ನವರಾತ್ರಿಯಲ್ಲಿ ವೇಷಧಾರಿಗಳೂ ಹಾಗೇ ತಾನೆ, ಮೈಗೆ ಮೊದಲು ತಳದ ಬಣ್ಣ ಬಳಿಸಿಕೊಂಡು, ಒಣಗುವವರೆಗೆ ಕೈ ಅಗಲಿಸಿ ನಿಲ್ಲುತ್ತಾರೆ, ಪಟ್ಟೆ ಆಮೇಲೆ. ಪಟ್ಟೆಯ ಗುಟ್ಟು ಕುಂಚ ಎತ್ತುವುದರಲ್ಲಿದೆ. ಬೆನ್ನಿನ ಕಡೆ ಒತ್ತಿ ದಪ್ಪಗೆ ಶುರುಮಾಡಿ, ಎದೆಯತ್ತ ಎಳೆಯುತ್ತಾ ಕೈ ಹಗುರ ಮಾಡಿದರೆ ತುದಿ ತಾನಾಗಿ ಚೂಪಾಗುತ್ತದೆ. ಹೆಬ್ಬೆರಳಿನಷ್ಟು ಎತ್ತರದ ಗೊಂಬೆಯ ಭುಜದ ಮೇಲೆ ಇದನ್ನು ಮಾಡುವಾಗ ಉಸಿರು ಹಿಡಿಯಬೇಕು. ಮನೆಯವರು ಆ ಹೊತ್ತಿಗೇ ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ಕೇಳುತ್ತಾರೆ.

ಮೊನ್ನೆ ಹೊರಗೆ ಧೋ ಎಂದು ಮಳೆ, ಮೇಜಿನ ಮೇಲೆ ಹುಲಿಯ ಮೊದಲ ಯುದ್ಧ. ಇದ್ದದ್ದೆಲ್ಲ ಒಮ್ಮೆಗೇ ಹೊಡೆಸಿದೆ. ಭಾವ ತಲೆ ಚಚ್ಚಿಕೊಂಡರು. ಆಫ್ ಆಗದಿರಲು ಎರಡು ದಾಳದಲ್ಲಿ 4 ಬಿದ್ದರೆ ಸಾಕು. 7 ಬಿತ್ತು, ಹುಲಿ ನಿಂತೇ ಇತ್ತು. “ಲೆಕ್ಕ ಬಾರದವರನ್ನು ದೇವರೇ ಕಾಯ್ತಾನೆ” ಎಂದು ಗೊಣಗಿದ ಭಾವ ತಮ್ಮ ಆಸಮ್ ಅನ್ನು ನೀರಿನ ಮನೆಗೆ ತಳ್ಳಿದರು. ಕಾಲಿನ ಹೀಟ್‌ಸಿಂಕ್‌ಗಳು ನೀರೊಳಗೆ ಎರಡು ಪಟ್ಟು ಕೆಲಸ ಮಾಡುತ್ತವೆ. ನಕ್ಷೆಯಲ್ಲಿ ನೀಲಿ ಕಂಡಲ್ಲೆಲ್ಲ ಅವರಿಗೆ ಅದು ಮಲ್ಪೆ ಬೀಚು. ಆದರೆ ನೀರಿಗೆ ಇಳಿಯುವಾಗ ಜಾರುತ್ತದೋ ಎಂದು ದಾಳ ಹಾಕಲೇಬೇಕು. ಹಾಕಿದರು. ಒಂದು, ಎರಡು. ಎಂಬತ್ತು ಟನ್ನು ಮಗುಚಿಬಿತ್ತು.

“ಭಾವ, ಮಳೆಗಾಲದಲ್ಲಿ ಇಳೀಬಾರ್ದು ಅಂತ ಮಲ್ಪೆಯಲ್ಲಿ ಬಲೆ ಕಟ್ಟಿರ್ತಾರಲ್ಲ, ನೋಡ್ಲಿಲ್ವಾ ನೀವು?”

“ಅಧಿಕಪ್ರಸಂಗ ಸಾಕು,” ಎಂದರು ಭಾವ, ಪೆನ್ಸಿಲ್ ಚೂಪು ಮಾಡುತ್ತಾ. “ಪೆಟ್ಟೆಷ್ಟು ಹೇಳು.”