ಪ್ಯಾಸೇಜು ಖಾಲಿ ಮಾಡುವ ಚಳವಳಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರೂ ಒಂದೇ ಮಾತಿಗೆ ಒಪ್ಪಿದ್ದು ಈ ಸಲವೇ ಇರಬೇಕು. ಮೆಟ್ಟಿಲ ಮೇಲೆ, ಪ್ಯಾಸೇಜಿನಲ್ಲಿ ಯಾರ ಅಡಗಳ್ ಕೂಡ ಇರಬಾರದು. ಬೆಂಕಿ ಬಿದ್ದರೆ ಓಡಲು ದಾರಿ ಬೇಕು ಅಲ್ವಾ? ಅಡಗಳ್ ಅಂದರೆ ಮರಾಠಿಯಲ್ಲಿ ಬೇಡದ ಸಾಮಾನು. ನಮ್ಮ ಮನೆಯ ಕನ್ನಡಕ್ಕೂ ಬಂದು ಸೇರಿ ವರ್ಷಗಳಾದವು. ಬಂದದ್ದು ಹೊರಗೆ ಹೋಗುವುದಿಲ್ಲ, ಆ ಪದದ ಗುಣವೇ ಹಾಗೆ.

ನೋಟಿಸು ಬಂತು. ಬೋರ್ಡಿನಲ್ಲಿ ಜಾಗವಿರಲಿಲ್ಲ. ಹೋದ ವರ್ಷದ ಗಣಪತಿ ವರ್ಗಣಿಯ (ಚಂದಾ) ಪಟ್ಟಿ, ಅದಕ್ಕೂ ಹಿಂದಿನ ನೀರು ಬಂದ್ ಸೂಚನೆ, ಎಲ್ಲ ಅಲ್ಲೇ ಇದ್ದವು. ಹಾಗಾಗಿ ಲಿಫ್ಟಿನ ಬಾಗಿಲಿಗೆ ಅಂಟಿಸಿದರು.

ಭಾನುವಾರ ಸಾಮಾನು ಹೊರಟಿತು. ಚಪ್ಪಲಿ ರ‍್ಯಾಕು, ಚಕ್ರವಿಲ್ಲದ ಸೈಕಲ್ಲು, ತಳದಲ್ಲಿ ಎರಡು ಚಮಚ ಉಳಿದ ಪೇಂಟಿನ ಡಬ್ಬಿಗಳು. ಮೂರನೇ ಮಾಳಿಗೆಯಲ್ಲಿ ಒಂದು ಹಳೇ ಕಮೋಡ್ ಸಿಕ್ಕಿತು. ತಮ್ಮದೆಂದು ಯಾರೂ ಒಪ್ಪಲಿಲ್ಲ. ಎಂಟು ಮನೆಯವರು ಅದರ ಸುತ್ತ ನಿಂತು, ಇದನ್ನು ಜನ್ಮದಲ್ಲೇ ನೋಡಿಲ್ಲ ಎಂಬ ಮುಖ ಮಾಡಿದರು. ಗುಜರಿಯ ಭಂಗಾರವಾಲಾನನ್ನು ಕರೆದರೆ ಅವನೂ ಕೈ ಮುಗಿದ. ಕೊನೆಗೆ ಎಲ್ಲವೂ ಟೆರೇಸ್ ಸೇರಿತು.

ಮಳೆಗೆ ಮೊದಲು ನಾಲಾಸಫಾಯಿ ನಡೆಯುತ್ತದಲ್ಲ, ಅದೇ ಶಾಸ್ತ್ರ. ಹೂಳೆತ್ತಿ ದಡದಲ್ಲೇ ರಾಶಿ ಹಾಕುತ್ತಾರೆ. ಮೊದಲ ಮಳೆಗೆ ಅದು ತವರಿಗೆ ಮರಳುತ್ತದೆ.

ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಜರ್ಮನಿಯ ವಿಜ್ಞಾನಿ ಕ್ಲಾಸಿಯಸ್ 1865ರಲ್ಲೇ ಎಂಟ್ರೊಪಿ ಎಂದು ಹೆಸರಿಟ್ಟ. ಸರಳವಾಗಿ ಹೇಳಿದರೆ ಅದು ಕೆದರಾಟದ ಅಳತೆ. ಒಂದು ಕಡೆ ಚೊಕ್ಕ ಮಾಡಿದರೆ ಇನ್ನೊಂದು ಕಡೆ ಅಷ್ಟಾದರೂ ಕೆದರಲೇಬೇಕು. ಫ್ರಿಜ್ಜಿನ ಒಳಗೆ ತಂಪು, ಹಿಂದೆ ಬಿಸಿ. ಒನ್ ರೂಮ್ ಕಿಚನ್ನಿನಲ್ಲಿ ಬದುಕಿದವರಿಗೆ ಕ್ಲಾಸಿಯಸ್ ಬೇಕಿಲ್ಲ. ಜುಲೈಯಲ್ಲಿ ಶಾಲೆಯ ಸಾಕ್ಸ್ ಒಣಗುವುದು ಫ್ರಿಜ್ಜಿನ ಹಿಂದೆಯೇ. ಮುಂಬಯಿ ಚೊಕ್ಕವಾಗಲು ದೇವನಾರ್‌ನಲ್ಲಿ 1927ರಿಂದ ಕಸದ ಬೆಟ್ಟ ಬೆಳೆಯುತ್ತಿದೆ. ನಮ್ಮದು ಸಣ್ಣ ದೇವನಾರ್, ಲಿಫ್ಟ್ ಇರುವಂಥದ್ದು.

ನಾನೇನು ಸಾಚಾ ಅಲ್ಲ. ನಮ್ಮ ಲಾಫ್ಟಿನಲ್ಲಿ ಊರಿನ ತಾಮ್ರದ ಹಂಡೆ ಇದೆ, ಅದರೊಳಗೆ ಮಿಕ್ಸಿಯ ಖಾಲಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಶ್ರೀಖಂಡದ ಡಬ್ಬಗಳು. ಮುಚ್ಚಳಗಳು ಬೇರೆ ಎಲ್ಲೋ ಇವೆ. ಬಿಸಾಡೋಣ ಅಂದರೆ ಹೆಂಡತಿ, "ಇರಲಿ ಮಾರಾಯ್ರೆ, ಯಾವಾಗಾದ್ರೂ ಬೇಕಾಗ್ತದೆ" ಅನ್ನುತ್ತಾಳೆ. ಆ 'ಯಾವಾಗಾದ್ರೂ' ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ. ಸುಮ್ನೆ ಯಾಕೆ ಜಗಳ ಎಂದು ನಾನೂ ಬಿಟ್ಟೆ.

ಮಳೆ ಬಂತು. ಟೆರೇಸಿನ ಸಾಮಾನು ನೆನೆಯಬಾರದೆಂದು ತಗಡಿನ ಪತ್ರಾ ಶೆಡ್ ಹಾಕಿಸಿದರು. ಖರ್ಚು ಮೆಂಟೆನನ್ಸಿಗೆ ಸೇರಿತು. ಬಿಸಾಡಲು ಇಟ್ಟದ್ದನ್ನು ಯಾರಾದರೂ ಕದ್ದರೆ? ಅದಕ್ಕೆ ಬೀಗ. ಕೀಲಿಕೈ ಸೊಸೈಟಿ ಆಫೀಸಿನಲ್ಲಿದೆ ಎನ್ನುತ್ತಾರೆ. ಆಫೀಸಿನಲ್ಲಿ ಹಳೇ ರಿಜಿಸ್ಟರುಗಳ ನಡುವೆ ಸೆಕ್ರೆಟರಿಯೇ ಕಾಣುವುದಿಲ್ಲ, ಕೀಲಿಕೈ ಎಲ್ಲಿಂದ ಕಾಣಬೇಕು?

ಮೊನ್ನೆ ಮತ್ತೆ ಮೀಟಿಂಗ್ ಕರೆದರು. ಕುರ್ಚಿಗಳೆಲ್ಲ ಶೆಡ್ಡಿನಲ್ಲಿ, ಕಮೋಡಿನ ಹಿಂದೆ. ಎಲ್ಲರೂ ಖಾಲಿ ಮೆಟ್ಟಿಲ ಮೇಲೆ ಕೂತೆವು. ಐವತ್ತು ಹೊಸ ಕುರ್ಚಿ ಕೊಳ್ಳುವುದೆಂದು ಪಾಸಾಯಿತು.

"ಇಡೋದು ಎಲ್ಲಿ?" ಎಂದು ಕೇಳಿದೆ.

"ಸದ್ಯಕ್ಕೆ ಪ್ಯಾಸೇಜಿನಲ್ಲಿ" ಎಂದರು ಚೇರ್ಮನ್ನರು.